ಊರು ಹಗುರಾಯಿತು

ಆ ಊರಿನ ನಟ್ಟನಡುವೆ ಒಂದು ಚಪ್ಪಡಿ ಕಲ್ಲು ಗಾಳಿಯಲ್ಲಿ ನೇತಾಡುತ್ತಿತ್ತು. ಒಕ್ಕುವ ಕಣದಷ್ಟು ಅಗಲದ ಕಲ್ಲು. ಅದರ ಕೆಳಗೆ ಊರಿಗೆಲ್ಲ ಇದ್ದ ಒಂದೇ ಒಂದು ಸಿಹಿನೀರಿನ ಒರತೆ, ಕಲ್ಲಿನ ಮೇಲೆ ತಕ್ಕಡಿಯಿಟ್ಟು ತೂಗುವ ಮನೆ. ಕಲ್ಲಿನ ಮೂಲೆಗಳಿಂದ ಎದ್ದ ಸರಪಳಿಗಳು ಮೇಲೆ ಒಂದು ಕಬ್ಬಿಣದ ಬಳೆಗೆ ಸೇರುತ್ತಿದ್ದವು. ಆ ಬಳೆಯಿಂದ ಹೊರಟ ಹಗ್ಗಗಳು ಎತ್ತರದ ಕಂಬಗಳ ರಾಟೆ ದಾಟಿ, ಬೀದಿಗೊಂದರಂತೆ ಇಳಿಯುತ್ತಿದ್ದವು. ಹಣತೆಯ ಬೀದಿಗೊಂದು, ಗಾಣದ ಬೀದಿಗೊಂದು, ಬುಟ್ಟಿಯ ಬೀದಿಗೊಂದು, ಹೇರಿನವರ ಬೀದಿಗೊಂದು, ಬತ್ತಿಯ ಬೀದಿಗೊಂದು. ಬೀದಿಯ ಜನ ಸರದಿಯ ಮೇಲೆ ಹಗ್ಗ ಹಿಡಿದು ಕೂತಿರಬೇಕು. ಗೂಟಕ್ಕೆ ಕಟ್ಟಿದರೆ ಗೂಟ ಕಿತ್ತು ಬರುತ್ತಿತ್ತು. ಆ ಕಲ್ಲಿಗೆ ಮನುಷ್ಯರ ಕೈಯೇ ಬೇಕಿತ್ತು.

ಇಷ್ಟು ದೊಡ್ಡ ಕಲ್ಲನ್ನು ಮೇಲೆ ಯಾಕೆ ಹಿಡಿದಿಟ್ಟುಕೊಂಡಿದ್ದರು ಎಂದು ನೀವು ಕೇಳುತ್ತೀರಿ. ಆ ಊರಿನ ನಿಯಮ ಹಾಗಿತ್ತು. ತೂಗುವವರ ಪಾದ ನೆಲಕ್ಕೆ ತಾಗಬಾರದು. ತಾಗಿದರೆ ಯಾವುದೋ ಒಂದು ಬೀದಿಯ ಮಣ್ಣು ಪಾದಕ್ಕೆ ಮೆತ್ತುತ್ತದೆ, ಮಣ್ಣು ಮೆತ್ತಿದರೆ ತಕ್ಕಡಿ ಆ ಬೀದಿಯ ಕಡೆಗೆ ವಾಲುತ್ತದೆ. ಆದ್ದರಿಂದ ತೂಗುವ ಮನೆ ನೆಲ ಬಿಟ್ಟು ಮೇಲಿರಬೇಕು, ಎಲ್ಲ ಬೀದಿಗೂ ಸಮದೂರದಲ್ಲಿರಬೇಕು. ಎಲ್ಲ ಬೀದಿಗೂ ಸಮದೂರದಲ್ಲಿದ್ದದ್ದು ಒರತೆ. ಇದಕ್ಕಿಂತ ದೊಡ್ಡ ನ್ಯಾಯ ಇನ್ನೆಲ್ಲಿದೆ ಎಂದು ಆ ಊರಿನ ಜನ ಎದೆ ತಟ್ಟಿಕೊಂಡು ಹೇಳುತ್ತಿದ್ದರು. ಕೆಳಗಿಳಿಯಲೇಬೇಕಾದ ಕೆಲಸ ಬಂದರೆ ತೂಗುವವರು ಎತ್ತರದ ಮರದ ಹಾವುಗೆ ಮೆಟ್ಟಿಕೊಂಡು ಇಳಿಯುತ್ತಿದ್ದರು.

ಊರಿನ ಕಸುಬು ದೀಪ. ಒಂದು ಬೀದಿ ಹಣತೆ ಮಾಡುತ್ತಿತ್ತು, ಒಂದು ಎಣ್ಣೆ ತೆಗೆಯುತ್ತಿತ್ತು, ಒಂದು ಬತ್ತಿ ಹೊಸೆಯುತ್ತಿತ್ತು. ಬುಟ್ಟಿಯವರು ಅದನ್ನೆಲ್ಲ ಒಡೆಯದಂತೆ ಜೋಡಿಸುವ ಬುಟ್ಟಿ ಹೆಣೆಯುತ್ತಿದ್ದರು. ಹೇರಿನವರು ಬುಟ್ಟಿಗಳನ್ನು ಬೆನ್ನಿಗೆ ಹೊತ್ತು ಕಣಿವೆ ದಾಟಿಸಿ, ಕತ್ತಲಿನ ಊರುಗಳಿಗೆ ಒಯ್ದು, ಬದಲಿಗೆ ಕಾಳುಕಡ್ಡಿ ತರುತ್ತಿದ್ದರು. ತಂದದ್ದನ್ನು ಎಲ್ಲರೂ ಉಣ್ಣುತ್ತಿದ್ದರು.

ಅಮಾವಾಸ್ಯೆಯ ಬೆಳಿಗ್ಗೆ ತೂಕ. ಪ್ರತಿ ಬೀದಿಯೂ ಆ ತಿಂಗಳು ಮಾಡಿದ್ದನ್ನೆಲ್ಲ ಮೇಲಕ್ಕೆಳೆಯುವ ತೊಟ್ಟಿಲಲ್ಲಿಟ್ಟು ಕಳಿಸಬೇಕು. ತೂಗುವವನು ಅದನ್ನು ಒಂದು ತಟ್ಟೆಗೆ ಸುರಿದು, ಇನ್ನೊಂದು ತಟ್ಟೆಗೆ ಆ ಬೀದಿಯ ಪಾಲುಗಲ್ಲು ಇಡುತ್ತಿದ್ದ. ನೇತಾಡುವ ಕಲ್ಲಿನ ಭಾರವನ್ನು ಬೀದಿಗಳಿಗೆ ಸಮನಾಗಿ ಹಂಚಿದರೆ ಒಂದು ಬೀದಿಗೆ ಬರುವ ಪಾಲಿಗೆ ಗುರುತು ಆ ಪಾಲುಗಲ್ಲು. ನೀನು ಮಾಡಿದ್ದು ನಿನ್ನ ಪಾಲಿನಷ್ಟಾದರೂ ತೂಗಬೇಕು. ಆಮೇಲೆ ತೂಗುವವನು ಕಲ್ಲಿನ ಅಂಚಿಗೆ ಬಂದು ನಿಂತು ಕೇಳುತ್ತಿದ್ದ.

“ಎಷ್ಟಾಗಬೇಕಿತ್ತು?”

ಬೀದಿಯವರು ಹೇಳುತ್ತಿದ್ದರು.

“ಎಷ್ಟಾಯಿತು?”

ಅದನ್ನೂ ಹೇಳುತ್ತಿದ್ದರು.

“ಉಳಿದದ್ದೆಲ್ಲಿ?”

ಇದಕ್ಕೆ ಮಾತ್ರ ಉತ್ತರವಿರುತ್ತಿರಲಿಲ್ಲ. ತಲೆ ತಗ್ಗಿಸಿ ನಿಲ್ಲುವುದೇ ವಾಡಿಕೆ. ತೂಗುವ ಮನೆಯ ಹಿಂದಿನ ಯಜಮಾನನ ಕಾಲದಲ್ಲಿ ಅಷ್ಟಕ್ಕೇ ಮುಗಿಯುತ್ತಿತ್ತು. ಅವನು ಮೇಲಿನಿಂದ ಒಂದಿಷ್ಟು ಬೈಯುತ್ತಿದ್ದ, ಇವರು ಕೆಳಗೆ ಬೈಸಿಕೊಳ್ಳುತ್ತಿದ್ದರು, ಸಂಜೆಗೆ ಎಲ್ಲರೂ ಒರತೆಯ ಬಳಿ ಕೊಡ ತುಂಬಿಕೊಂಡು ಅದನ್ನೇ ಆಡಿಕೊಂಡು ನಗುತ್ತಿದ್ದರು. ಬತ್ತಿಯ ಬೀದಿಯಂತೂ ಹುಟ್ಟಿದ ಲಾಗಾಯ್ತು ತಲೆ ತಗ್ಗಿಸಿಯೇ ಇತ್ತು. ಬೆಟ್ಟದಷ್ಟು ಬತ್ತಿ ಹೊಸೆದರೂ ತಟ್ಟೆ ಮೇಲೆಯೇ ಉಳಿಯುತ್ತಿತ್ತು. ಹತ್ತಿಗೆ ಭಾರ ಎಲ್ಲಿಂದ ಬರಬೇಕು!

ಹೊಸ ಯಜಮಾನ ಬಂದ. ಕೆಟ್ಟವನೆಂದು ಮಾತ್ರ ತಿಳಿಯಬೇಡಿ. ಕೆಟ್ಟವನಾಗಿದ್ದರೆ ಊರು ಉಳಿಯುತ್ತಿತ್ತೋ ಏನೋ, ಕೆಟ್ಟವರಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿರುತ್ತದೆ. ಇವನು ಊರಿನ ಚಿಂತೆಯಲ್ಲಿ ಊಟ ಬಿಟ್ಟವನು. ಕಲ್ಲಿನ ಅಂಚಿನಲ್ಲಿ ಕೂತು ಬೀದಿಬೀದಿಯ ಹಗ್ಗವನ್ನು ನೋಡುವನು, ನಿಟ್ಟುಸಿರು ಬಿಡುವನು. ಕೊನೆಗೆ ಒಂದು ದಿನ ತೂಗುವವನನ್ನು ಕರೆದು ಹೇಳಿದ.

“ನೋಡಪ್ಪಾ, ಪಾಲು ಹೊರಲಾರದ ಬೀದಿಯನ್ನು ಉಳಿದ ಬೀದಿಗಳು ಹೊರುತ್ತಿವೆ. ಇದು ಯಾವ ನ್ಯಾಯ? ಭಾರವಾದದ್ದನ್ನು ಇಳಿಸೋಣ. ಊರು ಹಗುರಾಗಲಿ.”

ತೂಗುವವನು ತಲೆಯಾಡಿಸಿದ. ಮಾತು ಸರಿಯಾಗಿಯೇ ಇತ್ತು. ಆದರೆ ಪಾಲು ಹೊರಲಾರದ ಬೀದಿ ಯಾವುದೆಂದು ಅವನಿಗೆ ಗೊತ್ತಿತ್ತು. ಅವನು ಹುಟ್ಟಿದ್ದೇ ಬತ್ತಿಯ ಬೀದಿಯಲ್ಲಿ. ತಾಯಿ ಇಲ್ಲದ ಅವನನ್ನು ಸಾಕಿದವಳು ಅವನ ಅಕ್ಕ. ಎಡಗೈಯಲ್ಲಿ ಹಗ್ಗ ಹಿಡಿದು, ಬಲಗೈಯಲ್ಲಿ ತೊಡೆಯ ಮೇಲೆ ಬತ್ತಿ ಹೊಸೆಯುತ್ತ, ಕಾಲಲ್ಲಿ ಅವನ ತೊಟ್ಟಿಲು ತೂಗಿದವಳು. ಅವಳ ಕೈ ನೋಡಿ ನೋಡಿಯೇ ಅವನ ಕೈಗೆ ನಡುಗದ ಗುಣ ಬಂದದ್ದು. ಆ ನಡುಗದ ಕೈ ನೋಡಿಯೇ ಊರವರು ಅವನನ್ನು ಕಲ್ಲಿನ ಮೇಲಕ್ಕೆ ಹತ್ತಿಸಿದ್ದು.

ಆ ಅಮಾವಾಸ್ಯೆ ಬಂತು. ಬತ್ತಿಯ ಬೀದಿಯ ತೊಟ್ಟಿಲು ಮೇಲಕ್ಕೆ ಬಂತು. ಬಿಳೀ ಬತ್ತಿಗಳು ತಟ್ಟೆ ತುಂಬಿ, ತಟ್ಟೆ ಮೀರಿ, ಅಂಚಿನಿಂದ ಉದುರಿದವು. ತಟ್ಟೆ ಅಲುಗಲಿಲ್ಲ. ತೂಗುವವನ ಹೆಬ್ಬೆರಳು ತಟ್ಟೆಯ ಪಕ್ಕದಲ್ಲಿತ್ತು. ಒಂದು ಸಲ ಒತ್ತಿದ್ದರೆ ಸಾಕಿತ್ತು. ಯಜಮಾನ ಆಗ ಬೇರೆ ಕಡೆ ನೋಡುತ್ತಿದ್ದ, ಕೆಳಗಿನವರಿಗೆ ಕಾಣುವಂತಿರಲಿಲ್ಲ. ಆದರೆ ಅವನು ತೂಗುವವನು. ಅವನು ಕೈಯನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡ.

“ಎಷ್ಟಾಗಬೇಕಿತ್ತು?”

“ಅಷ್ಟು,” ಎಂದಳು ಅಕ್ಕ ಕೆಳಗಿನಿಂದ.

“ಎಷ್ಟಾಯಿತು?”

“ಇಷ್ಟು.”

“ಉಳಿದದ್ದೆಲ್ಲಿ?”

ಅಕ್ಕ ತಲೆ ತಗ್ಗಿಸಲಿಲ್ಲ. ಬಿಸಿಲಿಗೆ ಅಡ್ಡವಾಗಿ ಹಣೆಯ ಮೇಲೆ ಕೈ ಇಟ್ಟುಕೊಂಡು ಮೇಲೆ ನೋಡಿದಳು. “ನಿಮ್ಮ ಕಲ್ಲನ್ನ ಒಂಚೂರು ಪಕ್ಕಕ್ಕೆ ಇಳಿಸಬಾರದೇನಪ್ಪಾ?” ಎಂದಳು. “ಎಲ್ಲ ಬೀದಿಯವರೂ ಇದೀವಿ. ಈ ಕಡೆಯವರು ಸಡಿಲ ಬಿಟ್ಟು ಆ ಕಡೆಯವರು ಎಳೆದರೆ ಆ ಒರತೆ ಪಕ್ಕದ ಹುಲ್ಲಿನ ಮೇಲೆ ಹೋಗಿ ಕೂರುತ್ತೆ. ಅಲ್ಲೇ ತೂಗಿಕೊಳ್ಳಿ. ನಮ್ಮ ಕೈಯಾದರೂ ಬಿಡುವಾಗಲಿ.”

ಊರಿಗೆ ಊರೇ ನಕ್ಕಿತು. ನಗುವಾಗ ಹಗ್ಗಗಳು ಅಲುಗಿದವು, ಕಲ್ಲು ಸ್ವಲ್ಪ ತೂಗಾಡಿತು. ನೆಲದ ಮೇಲೆ ತಕ್ಕಡಿ ಇಡುವುದಂತೆ! ಹೆಂಗಸರಿಗೆ ಇಂಥದ್ದೆಲ್ಲ ಎಲ್ಲಿ ತಿಳಿಯಬೇಕು ಎಂದು ಗಾಣದವನು ಕಣ್ಣೊರೆಸಿಕೊಂಡ. ಯಜಮಾನ ಮಾತ್ರ ನಗಲಿಲ್ಲ. ತೂಗುವವನ ಕೈಗೆ ಕತ್ತಿ ಕೊಟ್ಟು, ಮೆಲ್ಲಗೆ ಅವನ ಭುಜ ಮುಟ್ಟಿ, “ನನಗೆ ಗೊತ್ತು,” ಎಂದ. “ಊರು ಹಗುರಾಗಿ, ಒಂದು ಅಮಾವಾಸ್ಯೆ ಎಲ್ಲ ತಟ್ಟೆಯೂ ಸರಿಗೆ ಬರಲಿ. ಮೊದಲು ಕರೆಸೋದು ನಿನ್ನ ಅಕ್ಕನನ್ನೇ. ಇದು ನನ್ನ ಮಾತು.”

ಆ ಮಾತಿನ ಮೇಲೆ ತೂಗುವವನು ಬಳೆಯ ಬುಡದಲ್ಲಿ ಬತ್ತಿಯ ಬೀದಿಯ ಹಗ್ಗವನ್ನು ಕೊಯ್ದ. ಹಗ್ಗ ರಾಟೆಯ ಮೇಲೆ ಸರಸರ ಹರಿದು ಬೀದಿಗೆ ಬಿತ್ತು. ಯಜಮಾನ ಹೇಳಿಕೊಟ್ಟಂತೆ ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು.

“ಊರು ಹಗುರಾಯಿತು.”

ಹೇಳುತ್ತಿದ್ದಾಗಲೇ ಅವರವರ ಕೈಯಲ್ಲಿದ್ದ ಹಗ್ಗ ಒಮ್ಮೆ ಜಗ್ಗಿತು. ಕೆಲವರ ಅಂಗೈ ಸುಲಿಯಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಹಗುರಾದ ಮೊದಲ ದಿನ ಹೀಗಾಗುವುದುಂಟು ಎಂದು ಸಮಾಧಾನ ಮಾಡಿಕೊಂಡರು.

ಬತ್ತಿಯ ಬೀದಿಯವರು ತಮ್ಮ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡು ಊರಾಚೆಗೆ ಹೋದರು. ಅಲ್ಲಿ ಮುಳ್ಳುಬೇಲಿ, ಬೇಲಿಯಾಚೆ ಒಂದು ದಿಬ್ಬ, ದಿಬ್ಬದ ಬುಡದಲ್ಲಿ ಒಂದು ಸವುಳು ನೀರಿನ ಗುಂಡಿ. ಹಗ್ಗ ಕೊಯ್ಯಿಸಿಕೊಂಡವರಿಗೆ ಒರತೆಯ ನೀರಿಲ್ಲ. ಒರತೆ ಹಗ್ಗ ಹಿಡಿದವರದ್ದು.

ಆ ವಾರವೇ ತೂಗುವವನು ಹಾವುಗೆ ಮೆಟ್ಟಿ ಬೇಲಿಯ ಬಳಿಗೆ ಹೋದ. ಅಕ್ಕ ಬೇಲಿಯ ಆ ಕಡೆ ಕೂತು ಏನೂ ಇಲ್ಲದ ತೊಡೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ಹತ್ತಿ ಇರಲಿಲ್ಲ. ಕೈಗೆ ಅಭ್ಯಾಸ ಬಿಟ್ಟಿರಲಿಲ್ಲ.

“ಊಟ ಆಯ್ತೇನೋ?” ಎಂದಳು.

“ಆಯ್ತಕ್ಕಾ. ನಿನಗೆ?”

“ನೀರೇ ಒಗ್ಗುತ್ತಿಲ್ಲ. ಕುಡಿದಷ್ಟೂ ಬಾಯಾರುತ್ತೆ.” ಬೇಲಿಯ ಹತ್ತಿರಕ್ಕೆ ಸರಿದು ಕೇಳಿದಳು, “ಯಾವಾಗ ಕರೀತೀರಿ?”

“ಮುಂದಿನ ಅಮಾವಾಸ್ಯೆಗೆ. ಯಜಮಾನರು ಮಾತು ಕೊಟ್ಟಿದ್ದಾರೆ. ಎಲ್ಲರದ್ದೂ ಸರಿ ಬಂದ ಕೂಡಲೇ.”

“ಹೂಂ,” ಎಂದಳು ಅಕ್ಕ. ಅವಳಿಗೆ ತಮ್ಮನ ಮಾತಿನ ಮೇಲೆ ನಂಬಿಕೆಯಿತ್ತು. ಅದೇ ನನಗೆ ಈಗಲೂ ಹೊಟ್ಟೆ ಉರಿಸುವುದು.

ಮುಂದಿನ ಅಮಾವಾಸ್ಯೆಗೆ ಪಾಲುಗಲ್ಲುಗಳು ದೊಡ್ಡವಾಗಿದ್ದವು. ಹಿಡಿಯುವ ಬೀದಿ ಒಂದು ಕಡಿಮೆಯಾದ ಮೇಲೆ ಉಳಿದವರ ಪಾಲು ಬೆಳೆಯಲೇಬೇಕಲ್ಲ. ಅತ್ತ ಹೇರಿನವರು ಕಣಿವೆಯಾಚೆಗೆ ಒಯ್ದ ದೀಪಗಳನ್ನು ಹೊತ್ತುಕೊಂಡೇ ವಾಪಸು ಬಂದರು. ಬತ್ತಿಯಿಲ್ಲದ ಹಣತೆಯನ್ನು ಯಾರು ಕೊಳ್ಳುತ್ತಾರೆ? ಊರಿನ ಹೆಂಗಸರು ಸೀರೆಯ ಸೆರಗು ಹರಿದು ಬತ್ತಿ ಹೊಸೆಯಲು ಕೂತರು. ಹೊಸೆಯಲು ಕೂತ ಕೈ ಹಣತೆಗೆ ಸಿಗಲಿಲ್ಲ, ಬುಟ್ಟಿಗೆ ಸಿಗಲಿಲ್ಲ. ಹಗ್ಗ ಭಾರವಾಗಿ, ಒಬ್ಬರು ಕೂರುತ್ತಿದ್ದ ಕಡೆ ಇಬ್ಬರು ಕೂರಬೇಕಾಯಿತು. ಆ ಕೈಗಳೂ ಕೆಲಸಕ್ಕೆ ಇಲ್ಲವಾದವು. ಬುಟ್ಟಿಯ ಬೀದಿಯ ತಟ್ಟೆ ಮೇಲೆದ್ದಿತು.

“ಎಷ್ಟಾಗಬೇಕಿತ್ತು? ಎಷ್ಟಾಯಿತು? ಉಳಿದದ್ದೆಲ್ಲಿ?”

ಹಗ್ಗ ರಾಟೆಯ ಮೇಲೆ ಹರಿದು ಬಿತ್ತು. “ಊರು ಹಗುರಾಯಿತು,” ಎಂದರು ಎಲ್ಲರೂ. ಈ ಸಲ ಜಗ್ಗಿದ ಹಗ್ಗ ಗಾಣದವನನ್ನು ಬೋರಲಾಗಿ ಕೆಡವಿತು.

ಆಮೇಲೆ ಹೇರಿನವರ ಸರದಿ. ಪಾಪ, ಅವರು ಮಾಡುವುದು ನಡಿಗೆ. ನಡಿಗೆಯನ್ನು ತಟ್ಟೆಯ ಮೇಲೆ ಹೇಗೆ ಇಡುವುದು? ಹಿಂದೆಲ್ಲ ಬದಲಿಗೆ ತಂದ ಕಾಳಿನ ಮೂಟೆ ಇಡುತ್ತಿದ್ದರು. ಈಗ ಮೂಟೆಯಿರಲಿಲ್ಲ. ಅವರು ಬಹಳ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಕೊನೆಗೆ ಸವೆದು ತೂತಾದ ಚಪ್ಪಲಿಗಳನ್ನೆಲ್ಲ ಬಿಚ್ಚಿ ತೊಟ್ಟಿಲಲ್ಲಿಟ್ಟು ಮೇಲಕ್ಕೆ ಕಳಿಸಿದರು. ತೂಗುವವನು ಆ ಚಪ್ಪಲಿಗಳನ್ನು ಒಂದೊಂದಾಗಿ ತಟ್ಟೆಗಿಟ್ಟ. ಮರ್ಯಾದೆಯಿಂದಲೇ ಇಟ್ಟ. ಹಗ್ಗ ಕೊಯ್ದದ್ದೂ ಮರ್ಯಾದೆಯಿಂದಲೇ. ಬರಿಗಾಲಿನ ಜನ ಹಗ್ಗ ಹೊತ್ತು ದಿಬ್ಬದ ಕಡೆ ಹೊರಟರು.

“ಊರು ಹಗುರಾಯಿತು.”

ಯಜಮಾನನಿಗೆ ನಿದ್ದೆಯಿಲ್ಲ. ಇಷ್ಟು ಹಗುರಾದ ಊರು ಯಾಕೆ ಕುಸಿಯುತ್ತಿದೆ? ತಕ್ಕಡಿಯಲ್ಲೇ ಏನೋ ದೋಷವಿರಬೇಕು. ಅವನು ಇನ್ನೊಂದು ತಕ್ಕಡಿ ಮಾಡಿಸಿ ಮೇಲಕ್ಕೆ ಏರಿಸಿದ, ಮೊದಲನೆಯದನ್ನು ಪರೀಕ್ಷಿಸಲು. ಎರಡನೆಯದನ್ನು ಕಾಯಲು ಒಬ್ಬ ಕಾವಲಿನವನನ್ನು ಏರಿಸಿದ. ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ತೂಗಬೇಕೆಂದ. ಅದಕ್ಕೆ ಇನ್ನಷ್ಟು ಪಾಲುಗಲ್ಲುಗಳು ಮೇಲೇರಿದವು. ಒಂದೊಂದು ಸಾಮಾನು ಏರುವಾಗಲೂ ಕೆಳಗೆ ಹಗ್ಗ ಹಿಡಿದವರ ಕಣ್ಣುಗುಡ್ಡೆ ಹೊರಬರುವಂತಾಗುತ್ತಿತ್ತು.

ತೂಗುವವನು ಧೈರ್ಯ ಮಾಡಿ ಬಾಯಿ ಬಿಟ್ಟ. “ಯಜಮಾನ್ರೇ, ಈ ಎರಡನೇ ತಕ್ಕಡಿ, ಈ ಕಲ್ಲುಗಳು... ಇವನ್ನ ಕೆಳಗಿಳಿಸಿದರೆ ಅವರ ಕೈಗೆ ಸ್ವಲ್ಪ ಹಗುರಾಗುತ್ತಿತ್ತೇನೋ.”

ಯಜಮಾನ ಅವನನ್ನು ಕನಿಕರದಿಂದ ನೋಡಿದ. “ಹಗುರಾಯ್ತು ಅಂತ ತಿಳಿಯೋದು ಹೇಗಪ್ಪಾ, ತಕ್ಕಡಿಯನ್ನೇ ಇಳಿಸಿಬಿಟ್ಟರೆ?”

ತೂಗುವವನು ಹೋಗಿ ಪಾಲುಗಲ್ಲು ಜೋಡಿಸಿದ. ಉತ್ತರವಿಲ್ಲದ ಮಾತನ್ನು ಸರಿಯಾದ ಮಾತೆಂದು ತಿಳಿಯುವುದು ಅವನಿಗೆ ಕಲ್ಲಿನ ಮೇಲೆ ಬಂದ ಅಭ್ಯಾಸ.

ಅವನು ಮತ್ತೆ ಬೇಲಿಯ ಬಳಿಗೆ ಹೋದ. ದಿಬ್ಬದ ಮೇಲೆ ಈಗ ಜನವೋ ಜನ. ಅವರು ಸಾಲಾಗಿ ಕೂತು ಕಲ್ಲನ್ನೇ ನೋಡುತ್ತಿದ್ದರು. ಹಗ್ಗದ ಸುರುಳಿಗಳನ್ನು ತಲೆದಿಂಬು ಮಾಡಿಕೊಂಡಿದ್ದರು. ಅಕ್ಕನ ತುಟಿ ಒಡೆದು ಕಪ್ಪಾಗಿತ್ತು. ಕಣ್ಣು ಆಳಕ್ಕೆ ಹೋಗಿತ್ತು. ಬೇಲಿಯ ಸಂದಿನಿಂದ ಅವನು ಒರತೆಯ ನೀರಿನ ಚಂಬು ಒಳತೂರಿಸಲು ಹೋದರೆ ಅವಳು ಕೈಯಿಂದ ತಳ್ಳಿದಳು.

“ಬೇಡ. ಆ ಕೂಸಿದೆ ನೋಡು ಹೇರಿನವರದ್ದು, ಅದಕ್ಕೆ ಕೊಡು. ಅದೂ ಬೇಡ, ಒಬ್ಬರಿಗೆ ಕೊಟ್ಟರೆ ಎಲ್ಲ ಕೂಸುಗಳೂ ಅಳುತ್ತವೆ. ತಗೊಂಡು ಹೋಗು.”

“ಅಕ್ಕಾ, ಇನ್ನೊಂದೇ ತೂಕ. ಗಾಣದ ಬೀದಿ, ಹಣತೆಯ ಬೀದಿ, ಎರಡೇ ಉಳಿದಿರೋದು. ಎರಡೇ ತಟ್ಟೆ ಸರಿ ಬರಬೇಕು. ಮೊದಲು ಐದು ಬರಬೇಕಿತ್ತು. ಈಗ ಸುಲಭ ಆಯ್ತು.”

ಇದನ್ನು ಅವನು ನಿಜವಾಗಿ ನಂಬಿ ಹೇಳಿದ. ಅವನ ಮುಖದಲ್ಲಿ ಒಂದು ಬೆಳಕೇ ಇತ್ತು. ಅಕ್ಕ ಅವನ ಮುಖ ನೋಡಿದಳು, ಅವನ ಹಾವುಗೆ ನೋಡಿದಳು.

“ನಿನ್ನ ಕೈ ನಡುಗುತ್ತಿದೆ ಕಣೋ,” ಎಂದಳು.

ಅವನು ಕೈ ನೋಡಿಕೊಂಡ. ನಿಜವಾಗಿಯೂ ನಡುಗುತ್ತಿತ್ತು. ಚಂಬಿನ ನೀರು ತುಳುಕಿ ಮುಳ್ಳಿನ ಮೇಲೆ ಬೀಳುತ್ತಿತ್ತು. ಬೇಲಿಯ ಆ ಕಡೆಯ ಜನರೆಲ್ಲ ಆ ಹನಿಗಳನ್ನೇ ನೋಡುತ್ತಿದ್ದರು.

ಗಾಣದವನ ಎಣ್ಣೆಗೆ ಭಾರವಿತ್ತು. ಅವನಿಗೆ ಅದೇ ಜಂಬವಾಗಿತ್ತು. ಆದರೆ ಅರ್ಧ ಕಲ್ಲಿನ ಪಾಲಿಗೆ ಸಮನಾಗಿ ತೂಗಲು ಎಣ್ಣೆ ಎಲ್ಲಿಂದ ತರುತ್ತಾನೆ? ಅವನ ಮಕ್ಕಳೂ ಸೊಸೆಯಂದಿರೂ ಹಗ್ಗಕ್ಕೆ ಬಿದ್ದಿದ್ದರು. ಗಾಣ ನಿಂತು ಎಷ್ಟೋ ದಿನವಾಗಿತ್ತು. ಅವನು ಒಣಗಿದ ಗಾಣದ ಒನಕೆಯನ್ನೇ ಕಿತ್ತು ತೊಟ್ಟಿಲಲ್ಲಿಟ್ಟು ಕಳಿಸಿದ. ಅದು ಕಸುಬಿನ ಸಲಕರಣೆ, ಕಸುಬಿನ ಫಲವಲ್ಲ ಎಂದು ಕಾವಲಿನವನು ಅದನ್ನು ವಾಪಸು ಇಳಿಸಿದ.

“ಉಳಿದದ್ದೆಲ್ಲಿ?” ಎಂದು ತೂಗುವವನು ಕೇಳಿದ. ದನಿ ಅವನದ್ದೇ ಎಂದು ಅವನಿಗೇ ಗುರುತು ಸಿಗಲಿಲ್ಲ.

“ನನ್ನ ಅಂಗೈಲಿದೆ, ಬಂದು ನೋಡು!” ಎಂದು ಗಾಣದವನು ಎರಡೂ ಕೈ ಎತ್ತಿದ. ಅಂಗೈಯಲ್ಲಿ ಚರ್ಮವಿರಲಿಲ್ಲ.

ಹಗ್ಗ ಕೊಯ್ದಾಯಿತು. “ಊರು ಹಗುರಾಯಿತು” ಎನ್ನಲು ಈಗ ಒಂದೇ ಬೀದಿ ಉಳಿದಿತ್ತು. ಹಣತೆಯ ಬೀದಿಯವರು ಬಾಯಿ ತೆರೆದರು. ಮಾತು ಹೊರಡುವ ಮೊದಲೇ ಹಗ್ಗ ಅವರನ್ನೆಲ್ಲ ಬೀದಿಯುದ್ದಕ್ಕೂ ಎಳೆದುಕೊಂಡು ಹೋಗಿ ಕಂಬದ ಬುಡಕ್ಕೆ ಅಪ್ಪಳಿಸಿತು. ಅಲ್ಲಿ ಅವರು ಕಾಲುಗಳನ್ನು ಕಂಬಕ್ಕೆ ಒದೆ ಕೊಟ್ಟು, ಮುದುಕರು, ಬಸುರಿಯರು, ಮಕ್ಕಳು ಎಲ್ಲರೂ ಒಬ್ಬರ ಸೊಂಟ ಒಬ್ಬರು ಹಿಡಿದು ನಿಂತರು. ಒಂದು ಬೀದಿ ಅಷ್ಟು ದೊಡ್ಡ ಕಲ್ಲನ್ನು ಹೇಗೆ ಹಿಡಿಯಿತು ಎಂದು ನನ್ನನ್ನು ಕೇಳಬೇಡಿ. ಭಯದಲ್ಲಿ ಮನುಷ್ಯ ಏನೇನನ್ನೋ ಹಿಡಿಯುತ್ತಾನೆ. ಕಲ್ಲು ಮೊದಲಿಗಿಂತ ಕೆಳಗಿಳಿದಿತ್ತು. ಅದರ ನೆರಳಿನಲ್ಲಿ ಒರತೆಯ ನೀರು ಕಪ್ಪಾಗಿ ಕಾಣುತ್ತಿತ್ತು. ಕೊಡ ತುಂಬಲು ಯಾರಿಗೂ ಕೈ ಬಿಡುವಿರಲಿಲ್ಲ. ಸಿಹಿನೀರಿನ ಪಕ್ಕದಲ್ಲೇ ಅವರೂ ಬಾಯಾರಿ ನಿಂತರು.

ವಾರ ತುಂಬಿತು. ಯಜಮಾನ ಕಲ್ಲಿನ ಅಂಚಿಗೆ ಬಂದು ಕೆಳಗೆ ನೋಡಿದ. “ಹಣತೆಯ ಬೀದಿಯ ತೊಟ್ಟಿಲು ಬರಲಿ,” ಎಂದ.

ಕಾವಲಿನವನು ಎಳೆದುಕೊಂಡ ತೊಟ್ಟಿಲು ಹೆಚ್ಚುಕಡಿಮೆ ಖಾಲಿಯೇ ಬಂತು. ಅದರ ತಳದಲ್ಲಿ ಒಂದು ಹಸಿ ಹಣತೆ ಇತ್ತು, ಸುಡದೇ ಇದ್ದದ್ದು. ಅದರ ಮೇಲೆ ಯಾರದೋ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿತ್ತು. ಹಗ್ಗ ಹಿಡಿಯಲು ಕರೆ ಬಂದಾಗ ಅರ್ಧಕ್ಕೆ ಬಿಟ್ಟೆದ್ದದ್ದಿರಬೇಕು. ತೂಗುವವನು ಅದನ್ನು ಅಂಗೈಯಲ್ಲಿಟ್ಟುಕೊಂಡ. ತಟ್ಟೆಗೆ ಇಡಲಿಲ್ಲ.

“ತೂಗು,” ಎಂದ ಯಜಮಾನ.

“ಯಜಮಾನ್ರೇ, ಇದೊಂದು ಹಗ್ಗ ಕೊಯ್ದರೆ ನಾವು ನಿಂತಿರೋದು ಯಾವುದರ ಮೇಲೆ?”

“ನಮಗೋಸ್ಕರ ನಿಯಮ ಬಗ್ಗಿಸಲಾ?” ಯಜಮಾನನ ಕಣ್ಣಲ್ಲಿ ನೀರಿತ್ತು. “ನಿನ್ನ ಅಕ್ಕನಿಗೆ ಬಗ್ಗದ್ದು ನಮಗೆ ಬಗ್ಗಬೇಕಾ? ನೀನೇ ಹೇಳು.”

ತೂಗುವವನು ಕತ್ತಿಯನ್ನು ನೋಡಿದ. ಅಕ್ಕನ ಹಗ್ಗ ಕೊಯ್ದ ಕತ್ತಿ ಅದೇ. ಆ ಮೊದಲ ದಿನವೇ ಬರಬೇಕಾಗಿದ್ದ ಸಿಟ್ಟು ಈಗ ಬಂತು. ಕತ್ತಿಯನ್ನು ಒರತೆಗೆ ಬಿಸಾಕಿದ. ಹಾವುಗೆ ಹುಡುಕಲಿಲ್ಲ. ಕಂಬಕ್ಕೆ ಜಿಗಿದು, ಜಾರಿ, ಬರಿಗಾಲಲ್ಲಿ ನೆಲಕ್ಕೆ ಬಿದ್ದ. ನೆಲ ಬೆಚ್ಚಗಿತ್ತು. ಎಷ್ಟೋ ವರ್ಷವಾಗಿತ್ತು ಅವನ ಪಾದ ಅದನ್ನು ಮುಟ್ಟಿ. ಅವನು ಓಡಿದ.

ಬೇಲಿಯ ಬಳಿ ನಿಂತು ಕರೆಯಲು ಬಾಯಿ ತೆರೆದರೆ ಒಂದು ಹೆಸರೂ ಬರಲಿಲ್ಲ. ಅಷ್ಟು ವರ್ಷ ಅವರನ್ನೆಲ್ಲ ಅವರ ಬೀದಿಯಿಂದ, ಅವರ ಕೊರತೆಯಿಂದಲೇ ಗುರುತು ಹಿಡಿದಿದ್ದ. ಅವನಿಗೆ ಗೊತ್ತಿದ್ದದ್ದು ಒಂದೇ ಕರೆ.

“ಅಕ್ಕಾ!”

ದಿಬ್ಬದ ಮೇಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಒಬ್ಬೊಬ್ಬಳೂ ಯಾರಿಗಾದರೂ ಅಕ್ಕನೇ ಆಗಿದ್ದಳು.

“ಕಲ್ಲು ಬೀಳ್ತಿದೆ ಅಕ್ಕಾ, ಒರತೆಯ ಮೇಲೆ ಬೀಳ್ತಿದೆ! ಹಗ್ಗ ತನ್ನಿ! ಪಕ್ಕಕ್ಕೆ ಇಳಿಸೋಣ, ನೀನು ಹೇಳಿದ ಹಾಗೇ ಇಳಿಸೋಣ!”

ಅವರು ಏಳುತ್ತಾರೆಂದು ಅವನಿಗೆ ನಂಬಿಕೆಯಿರಲಿಲ್ಲ. ನಾನಾಗಿದ್ದರೆ ಏಳುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಕ್ಕ ಮಂಡಿಯ ಮೇಲೆ ಕೈಯೂರಿ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ತಲೆದಿಂಬಾಗಿದ್ದ ಹಗ್ಗಗಳನ್ನು ಹೆಗಲಿಗೇರಿಸಿ, ಮುಳ್ಳುಬೇಲಿಯನ್ನು ತುಳಿದುಕೊಂಡೇ ಬಂದರು. ನಡೆಯಲಾರದ ಅಕ್ಕನನ್ನು ತೂಗುವವನು ಬೆನ್ನಿಗೆ ಹಾಕಿಕೊಂಡ. ಅವಳು ಹಗುರಾಗಿದ್ದಳು. ಎಷ್ಟು ಹಗುರಾಗಿದ್ದಳೆಂದರೆ ಅವನು ಓಡುತ್ತ ಓಡುತ್ತ ಅತ್ತುಬಿಟ್ಟ.

ಕಂಬಗಳ ಬುಡಕ್ಕೆ ಬಂದು ಬೀದಿಬೀದಿಯವರೂ ತಮ್ಮತಮ್ಮ ಜಾಗದಲ್ಲಿ ನಿಂತರು. ಹೇರಿನವರು ಕಂಬ ಹತ್ತಿ ಹಗ್ಗಗಳನ್ನು ರಾಟೆಯ ಮೇಲೆ ಹಾಯಿಸಿ, ತುದಿಗಳನ್ನು ಕಲ್ಲಿನ ಮೇಲಕ್ಕೆ ಎಸೆದರು. ಇನ್ನು ಆ ತುದಿಗಳನ್ನು ಬಳೆಗೆ ಕಟ್ಟಿದರೆ ಆಯಿತು. ಕಂಬದಿಂದ ಯಾರಾದರೂ ಕಲ್ಲಿಗೆ ಜಿಗಿದರೆ ಉಳಿದ ಒಂದು ಹಗ್ಗವೂ ಹರಿಯುತ್ತಿತ್ತು. ಮೇಲೆ ಯಜಮಾನನಿದ್ದ, ಕಾವಲಿನವನಿದ್ದ. ಕೆಳಗೆ ಕೈಗಳಿದ್ದವು, ಬೇಕಾದಷ್ಟು ಕೈಗಳಿದ್ದವು.

“ಕಟ್ಟಿ ಯಜಮಾನ್ರೇ!” ಎಂದು ತೂಗುವವನು ಕೂಗಿದ. “ಬಳೆಗೆ ಕಟ್ಟಿ!”

ಯಜಮಾನ ಒಂದು ತುದಿಯನ್ನು ಎತ್ತಿಕೊಂಡ. ತಿರುಗಿಸಿ ನೋಡಿದ. “ಇದು ಯಾವ ಬೀದಿಯದ್ದು?” ಎಂದ.

“ಯಾವುದಾದರೇನು! ಕಟ್ಟಿ!”

“ಕಟ್ಟುತ್ತೇನಪ್ಪಾ, ಯಾಕೆ ಕಟ್ಟುವುದಿಲ್ಲ. ಆದರೆ ಯಾರ ಪಾಲು ಎಷ್ಟು ಅಂತ ಗೊತ್ತಾಗದೆ ಹೇಗೆ ಕಟ್ಟಲಿ? ಒಬ್ಬರಿಗೆ ಹೆಚ್ಚು ಬಿದ್ದು ಒಬ್ಬರಿಗೆ ಕಡಿಮೆ ಬಿದ್ದರೆ ನಾಳೆ ನನ್ನನ್ನು ಏನಂದೀರಿ?” ಅವನು ಕಾವಲಿನವನ ಕಡೆ ತಿರುಗಿದ. “ಪಾಲುಗಲ್ಲು ತೆಗಿ. ಬೇಗ ತೂಗಿಬಿಡೋಣ.”

ಹಣತೆಯ ಬೀದಿಯವರ ಕಡೆಯಿಂದ ಒಂದು ಸದ್ದು ಬಂತು. ಕೂಗಲ್ಲ, ಅಳುವಲ್ಲ. ತುಂಬ ಹೊತ್ತು ಹಿಡಿದಿಟ್ಟ ಉಸಿರನ್ನು ಒಂದು ಬೀದಿಯೇ ಒಟ್ಟಿಗೆ ಬಿಟ್ಟ ಸದ್ದು. ತೂಗುವವನು ಅಕ್ಕನನ್ನು ಇಳಿಸಿ ಅವರ ಹಗ್ಗಕ್ಕೆ ಬಿದ್ದ. ಗಾಣದವನು ಚರ್ಮವಿಲ್ಲದ ಕೈಯಲ್ಲಿ ಬಿದ್ದ. ಸಿಕ್ಕಿದವರು ಸಿಕ್ಕಿದ ಕಡೆ ಹಿಡಿದರು. ಕೈಗಳ ಮೇಲೆ ಕೈ ಬಿತ್ತು. ಆದರೆ ಒಂದೇ ಹಗ್ಗ. ಅದರ ಎಳೆಗಳು ರಾಟೆಯ ಹತ್ತಿರ ಒಂದೊಂದಾಗಿ ಬಿಚ್ಚಿಕೊಳ್ಳುವುದನ್ನು ಎಲ್ಲರೂ ಕಣ್ಣಾರೆ ನೋಡಿದರು. ಉಳಿದ ಹಗ್ಗಗಳು ಕಲ್ಲಿನ ಮೇಲೆ, ಯಜಮಾನನ ಕಾಲ ಬಳಿ, ಬಿಡಿಯಾಗಿ ಬಿದ್ದಿದ್ದವು.

ಹಗ್ಗ ಹರಿಯಿತು. ಕಲ್ಲು ಮಟ್ಟಸವಾಗಿ ಕೂತಿತು, ಒರತೆಯ ಬಾಯಿಗೆ ಹೇಳಿ ಮಾಡಿಸಿದಂತೆ. ಒಂದು ಸಲ ಸುತ್ತಲೂ ನೀರು ಚಿಮ್ಮಿ ಎಲ್ಲರ ಮುಖಕ್ಕೆ ಹೊಡೆಯಿತು. ಅಷ್ಟೆ. ಆಮೇಲೆ ಒಂದು ಹನಿಯೂ ಬರಲಿಲ್ಲ. ಮಕ್ಕಳು ತುಟಿಯ ಮೇಲೆ ಬಿದ್ದ ಹನಿಯನ್ನು ನೆಕ್ಕುತ್ತ ನಿಂತವು.

ಜನ ಕಲ್ಲಿಗೆ ಭುಜ ಕೊಟ್ಟರು. ಉಗುರು ಕೊಟ್ಟರು. ಊರಿಗೆ ಊರೇ ಸೇರಿ ತಳ್ಳಿತು. ಮೇಲಿನಿಂದ ಹಿಡಿಯಬಹುದಾಗಿದ್ದ ಕಲ್ಲು ಪಕ್ಕದಿಂದ ತಳ್ಳಿದರೆ ಕದಲಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಕೈ ಬಿಟ್ಟು ಅದಕ್ಕೇ ಒರಗಿ ಕೂತರು. ಮೊಟ್ಟಮೊದಲ ಸಲ ಆ ಊರಿನ ಯಾರ ಕೈಯಲ್ಲೂ ಹಗ್ಗವಿರಲಿಲ್ಲ. ಬಿಡುವಾದ ಕೈಗಳನ್ನು ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಕಲ್ಲಿನ ಮೇ‍ಲೆ ಯಜಮಾನ ಎದ್ದು ನಿಂತ. ಅವನಿಗೇನೂ ಆಗಿರಲಿಲ್ಲ. ಮುರಿದ ತಕ್ಕಡಿಯ ದಂಡವೊಂದು ಅವನ ಕೈಯಲ್ಲಿತ್ತು. ಸುತ್ತ ನೋಡಿದ. ಎದುರಿಗೆ ಊರಿನ ಎಲ್ಲ ಬೀದಿಗಳೂ ನೆರೆದಿದ್ದವು. ಅವನ ಬಾಯಿಗೆ ಬೇರೆ ಮಾತು ಗೊತ್ತಿರಲಿಲ್ಲವೆಂದು ತೋರುತ್ತದೆ.

“ಎಷ್ಟಾಗಬೇಕಿತ್ತು?” ಎಂದ.

ಒಬ್ಬೊಬ್ಬರೂ ತಮ್ಮ ಖಾಲಿ ಅಂಗೈ ನೋಡಿಕೊಂಡರು.

“ಎಷ್ಟಾಯಿತು?”

ತೂಗುವವನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ.

“ಉಳಿದದ್ದೆಲ್ಲಿ?”

ಅಕ್ಕ ತೆವಳಿಕೊಂಡು ಕಲ್ಲಿನ ಬಳಿಗೆ ಬಂದಳು. ಒಡೆದ ತುಟಿಯನ್ನು ಅದಕ್ಕೊತ್ತಿ, ಆಮೇಲೆ ಕಿವಿಯನ್ನಿಟ್ಟಳು. ಬಾಯಾರಿದವರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು.

“ಇಲ್ಲೇ ಇದೆ,” ಎಂದಳು. “ಅಡೀಲಿ ಹರೀತಾ ಇದೆ. ಬನ್ನಿ, ಕೇಳಿಸುತ್ತೆ.”